ನಿಂತಂತೆ ಕಾಣುವುದರ ಜಾಡು: ಭೂಸ್ಥಿರ ಉಪಗ್ರಹವನ್ನು ಹಿಂಬಾಲಿಸುವ ಬಗೆ

ಮನೆಯ ಮಾಳಿಗೆಯ ಮೇಲೆ ಟಿ.ವಿ.ಗಾಗಿ ಕೂರಿಸಿದ 60 ಸೆಂಟಿಮೀಟರ್ ಡಿಶ್ಶನ್ನು ಒಮ್ಮೆ ಸರಿಯಾದ ದಿಕ್ಕಿಗೆ ತಿರುಗಿಸಿ ಬೋಲ್ಟ್ ಬಿಗಿದರೆ, ಗಾಳಿಗೆ ಅಲುಗದಿದ್ದಲ್ಲಿ ವರ್ಷಗಟ್ಟಲೆ ಅದರ ಗೊಡವೆಗೆ ಹೋಗಬೇಕಾಗುವುದಿಲ್ಲ. ಅದೇ ಉಪಗ್ರಹವನ್ನು ನೋಡುವ 9 ಮೀಟರ್ ವ್ಯಾಸದ ದೊಡ್ಡ ಆಂಟೆನಾ ಮಾತ್ರ ಮೋಟಾರುಗಳ ಮೇಲೆ ಕೂತಿರುತ್ತದೆ; ಹಗಲೂ ರಾತ್ರಿ ಕೆಲವು ನಿಮಿಷಗಳಿಗೊಮ್ಮೆ ಕೂದಲೆಳೆಯಷ್ಟು ಅತ್ತಿತ್ತ ಹೊರಳಿ ತನ್ನ ಗುರಿಯನ್ನು ಮತ್ತೆ ಮತ್ತೆ ಹುಡುಕಿಕೊಳ್ಳುತ್ತದೆ. ಭೂಸ್ಥಿರ ಕಕ್ಷೆಯ ಉಪಗ್ರಹ ಆಕಾಶದಲ್ಲಿ ಒಂದೇ ಕಡೆ ನಿಂತಿರುತ್ತದೆ ಎಂದು ಪಠ್ಯಪುಸ್ತಕ ಹೇಳುವಾಗ ಈ ಹುಡುಕಾಟ ಏಕೆ ಎಂಬ ಪ್ರಶ್ನೆ ಸಹಜ. ಉತ್ತರದ ಒಂದು ಭಾಗ, ‘ನಿಂತಿರುತ್ತದೆ’ ಎಂಬುದು ಅಂದಾಜಿನ ಮಾತು ಎಂಬುದು. ಇನ್ನೊಂದು ಭಾಗದ ಕಡೆಗೆ ಗಮನ ಹೋಗುವುದು ಕಡಿಮೆ: ಹೆಚ್ಚು ಕದಲದ ವಸ್ತುವಿನ ಜಾಡು ಹಿಡಿಯುವುದು, ಓಡುವ ವಸ್ತುವಿನ ಜಾಡು ಹಿಡಿಯುವುದಕ್ಕಿಂತ ಕೆಲವು ವಿಷಯಗಳಲ್ಲಿ ಕಷ್ಟದ ಕೆಲಸ.

ಮೊದಲು ಕಕ್ಷೆಯ ಲೆಕ್ಕ. ಭೂಮಿ ತನ್ನ ಅಕ್ಷದ ಮೇಲೆ ಒಂದು ಸುತ್ತು ತಿರುಗಲು ಬೇಕಾಗುವ ಕಾಲ ನಿಜವಾಗಿ 24 ಗಂಟೆಯಲ್ಲ. ನಕ್ಷತ್ರಗಳನ್ನು ಆಧಾರವಾಗಿಟ್ಟು ಅಳೆದರೆ ಅದು 23 ಗಂಟೆ 56 ನಿಮಿಷ 4 ಸೆಕೆಂಡು. ಇದನ್ನು ನಾಕ್ಷತ್ರಿಕ ದಿನ ಎನ್ನುತ್ತಾರೆ. ಉಪಗ್ರಹವೂ ಇಷ್ಟೇ ಕಾಲದಲ್ಲಿ ಒಂದು ಸುತ್ತು ಬರಬೇಕಾದರೆ ಅದು ಭೂಮಿಯ ಕೇಂದ್ರದಿಂದ 42,164 ಕಿ.ಮೀ. ದೂರದಲ್ಲಿ, ಅಂದರೆ ಸಮುದ್ರ ಮಟ್ಟದಿಂದ ಸುಮಾರು 35,786 ಕಿ.ಮೀ. ಎತ್ತರದಲ್ಲಿ, ಸೆಕೆಂಡಿಗೆ 3.07 ಕಿ.ಮೀ. ವೇಗದಲ್ಲಿ ಸಾಗಬೇಕು. ಆದರೆ ಸುತ್ತುವ ಕಾಲ ಹೊಂದಿದರಷ್ಟೇ ಸಾಲದು. ಕಕ್ಷೆ ಪೂರ್ಣ ವೃತ್ತವಾಗಿರಬೇಕು, ಮತ್ತು ಸಮಭಾಜಕ ವೃತ್ತದ ನೆತ್ತಿಯ ಮೇಲೆಯೇ ಹಾದು ಹೋಗಬೇಕು. 1963ರ ಜುಲೈನಲ್ಲಿ ಹಾರಿದ ಸಿಂಕಾಮ್-2 ಉಪಗ್ರಹಕ್ಕೆ ಕಾಲ ಹೊಂದಿತ್ತು, ಆದರೆ ಅದರ ಕಕ್ಷೆ ಸುಮಾರು 33 ಡಿಗ್ರಿ ಓರೆಯಾಗಿತ್ತು. ಹಾಗಾಗಿ ನೆಲದಿಂದ ನೋಡುವವರಿಗೆ ಅದು ದಿನಕ್ಕೊಮ್ಮೆ ಆಕಾಶದಲ್ಲಿ ದೊಡ್ಡ ಎಂಟರ ಆಕಾರವನ್ನು ಬರೆಯುತ್ತಿತ್ತು. ಮೂರೂ ಷರತ್ತುಗಳನ್ನು ಬಹುಮಟ್ಟಿಗೆ ಪೂರೈಸಿದ ಮೊದಲ ಉಪಗ್ರಹ, ಮರುವರ್ಷ ಆಗಸ್ಟಿನಲ್ಲಿ ಹಾರಿ ಟೋಕಿಯೋ ಒಲಿಂಪಿಕ್ಸ್‌ನ ಚಿತ್ರಗಳನ್ನು ಅಮೆರಿಕಕ್ಕೆ ದಾಟಿಸಿದ ಸಿಂಕಾಮ್-3.

ಬಹುಮಟ್ಟಿಗೆ ಎಂದದ್ದು ಬೇಕೆಂದೇ. ಈ ಷರತ್ತುಗಳನ್ನು ಒಮ್ಮೆ ಪೂರೈಸಿದರೂ ಅವು ಹಾಗೆಯೇ ಉಳಿಯುವುದಿಲ್ಲ. ಕೆಡಿಸುವವರಲ್ಲಿ ಚಂದ್ರ ಮತ್ತು ಸೂರ್ಯರದ್ದು ಮೊದಲ ಹೆಸರು. ಅವರಿಬ್ಬರೂ ಸಮಭಾಜಕದ ಸಮತಲದಲ್ಲಿ ಇಲ್ಲವಾದ್ದರಿಂದ ಅವರ ಸೆಳೆತ ಉಪಗ್ರಹದ ಕಕ್ಷೆಯನ್ನು ವರ್ಷಕ್ಕೆ ಸುಮಾರು 0.75ರಿಂದ 0.95 ಡಿಗ್ರಿಯಷ್ಟು ಓರೆ ಮಾಡುತ್ತಾ ಹೋಗುತ್ತದೆ. ಯಾರೂ ತಡೆಯದಿದ್ದರೆ ಈ ಓರೆ ಕಾಲು ಶತಮಾನದಲ್ಲಿ ಸುಮಾರು 15 ಡಿಗ್ರಿಯವರೆಗೆ ಬೆಳೆದು, ಮತ್ತೆ ಅಷ್ಟೇ ಕಾಲದಲ್ಲಿ ಇಳಿಯುತ್ತದೆ. ಕಕ್ಷೆ ಓರೆಯಾದೊಡನೆ ಸಿಂಕಾಮ್-2ರ ಎಂಟರ ಆಕಾರ ಸಣ್ಣ ಪ್ರಮಾಣದಲ್ಲಿ ಮರಳಿ ಬರುತ್ತದೆ. ಉಪಗ್ರಹ ದಿನದ ಅರ್ಧ ಕಾಲ ಸಮಭಾಜಕದ ಉತ್ತರಕ್ಕೆ, ಇನ್ನರ್ಧ ದಕ್ಷಿಣಕ್ಕೆ ಇರುತ್ತದೆ. ಸಮಭಾಜಕವನ್ನು ದಾಟುವಾಗ ಅದರ ವೇಗದ ಒಂದು ಪಾಲು ಉತ್ತರ-ದಕ್ಷಿಣಕ್ಕೆ ವ್ಯಯವಾಗುವುದರಿಂದ ಪೂರ್ವದ ಕಡೆಯ ನಡಿಗೆ ಭೂಮಿಯ ತಿರುಗುವಿಕೆಗಿಂತ ತುಸು ಹಿಂದೆ ಬೀಳುತ್ತದೆ. ತುದಿಗಳಲ್ಲಿ ವೇಗವೆಲ್ಲ ಪೂರ್ವಕ್ಕೇ ಇರುವುದರಿಂದ ತುಸು ಮುಂದೆ ಹೋಗುತ್ತದೆ. ಹಿಂದುಮುಂದಾಗುವ ಈ ಆಟವೇ ಎಂಟರ ಸೊಂಟವನ್ನು ಕಟ್ಟುತ್ತದೆ. ಓರೆ 1 ಡಿಗ್ರಿ ಇದ್ದಾಗ ಎಂಟು ಉತ್ತರ-ದಕ್ಷಿಣವಾಗಿ 2 ಡಿಗ್ರಿ ಉದ್ದವಿದ್ದರೂ ಅದರ ಅಗಲ 0.01 ಡಿಗ್ರಿಯನ್ನೂ ಮುಟ್ಟುವುದಿಲ್ಲ. ಹಾಗಾಗಿ ಅದು ಎಂಟಿನಂತೆ ಕಾಣದೆ ನೆಟ್ಟನೆಯ ಗೆರೆಯಂತೆಯೇ ಕಾಣುತ್ತದೆ.

ಪೂರ್ವ-ಪಶ್ಚಿಮದ ತೊಂದರೆಗೆ ಕಾರಣ ಭೂಮಿಯದೇ ಮೈಕಟ್ಟು. ಸಮಭಾಜಕ ವೃತ್ತ ನಿಜವಾದ ವೃತ್ತವಲ್ಲ, ಅತಿ ಸೂಕ್ಷ್ಮವಾಗಿ ಅಂಡಾಕಾರದ್ದು. ಇದರ ಫಲವಾಗಿ ಕಕ್ಷೆಯಲ್ಲಿ 75 ಡಿಗ್ರಿ ಪೂರ್ವ ಮತ್ತು 105 ಡಿಗ್ರಿ ಪಶ್ಚಿಮ ರೇಖಾಂಶಗಳ ಬಳಿ ಎರಡು ತಗ್ಗುಗಳಿರುವಂತಾಗಿದೆ, ಮತ್ತು ಬೇರೆಡೆ ಇರುವ ಉಪಗ್ರಹಗಳು ನಿಧಾನವಾಗಿ ಹತ್ತಿರದ ತಗ್ಗಿನ ಕಡೆಗೆ ಜಾರುತ್ತವೆ. 2010ರ ಏಪ್ರಿಲಿನಲ್ಲಿ ನೆಲದ ಆದೇಶಗಳಿಗೆ ಉತ್ತರಿಸುವುದನ್ನು ನಿಲ್ಲಿಸಿದ ಗ್ಯಾಲಕ್ಸಿ-15 ಉಪಗ್ರಹ, ಪ್ರಸಾರದ ಯಂತ್ರಗಳನ್ನು ಚಾಲೂ ಇಟ್ಟುಕೊಂಡೇ, 133 ಡಿಗ್ರಿ ಪಶ್ಚಿಮದ ತನ್ನ ಜಾಗ ಬಿಟ್ಟು ಪೂರ್ವಕ್ಕೆ ಸರಿಯತೊಡಗಿದ್ದು ಇದೇ ಇಳಿಜಾರಿನಲ್ಲಿ. ದಾರಿಯಲ್ಲಿದ್ದ ಬೇರೆ ಉಪಗ್ರಹಗಳ ನಿರ್ವಾಹಕರು ತಿಂಗಳುಗಟ್ಟಲೆ ಅದಕ್ಕೆ ಜಾಗ ಬಿಡಬೇಕಾಯಿತು. ಡಿಸೆಂಬರಿನಲ್ಲಿ ಬ್ಯಾಟರಿ ಬರಿದಾಗಿ ಅದು ತಾನಾಗಿಯೇ ಮರುಚಾಲನೆಗೊಂಡ ಮೇಲೆ ಮತ್ತೆ ಹಿಡಿತಕ್ಕೆ ಸಿಕ್ಕಿತು. ಮೂರನೆಯ ಕಾಟ ಸೂರ್ಯನ ಬೆಳಕಿನ ಒತ್ತಡದ್ದು. ದೊಡ್ಡ ಸೌರಫಲಕಗಳನ್ನು ಚಾಚಿಕೊಂಡ ಉಪಗ್ರಹವನ್ನು ಬೆಳಕು ತಳ್ಳಿ ತಳ್ಳಿ ವೃತ್ತವನ್ನು ತುಸು ದೀರ್ಘವೃತ್ತವಾಗಿಸುತ್ತದೆ, ಮತ್ತು ಆಗ ಉಪಗ್ರಹ ದಿನಕ್ಕೊಮ್ಮೆ ಪೂರ್ವ-ಪಶ್ಚಿಮವಾಗಿ ತೂಗುತ್ತದೆ.

ಇದನ್ನೆಲ್ಲ ತಡೆಯಲು ನಿರ್ವಾಹಕರು ಉಪಗ್ರಹಕ್ಕೆ ಒಂದು ಕಾಲ್ಪನಿಕ ಪೆಟ್ಟಿಗೆಯನ್ನು ಗೊತ್ತುಮಾಡಿ, ಅದನ್ನು ತಳ್ಳುವ ಪುಟ್ಟ ರಾಕೆಟ್ಟುಗಳಾದ ಥ್ರಸ್ಟರ್‌ಗಳನ್ನು ಆಗಾಗ ಉರಿಸಿ, ಅದು ಪೆಟ್ಟಿಗೆಯ ಗೋಡೆ ದಾಟದಂತೆ ನೋಡಿಕೊಳ್ಳುತ್ತಾರೆ. ಸ್ಟೇಷನ್ ಕೀಪಿಂಗ್ ಎಂದು ಹೆಸರಾದ ಈ ಕೆಲಸದಲ್ಲಿ ಪೆಟ್ಟಿಗೆಯ ಅಳತೆ ಸಾಮಾನ್ಯವಾಗಿ ಗೊತ್ತಾದ ರೇಖಾಂಶದ ಎರಡೂ ಬದಿಗೆ 0.05 ಅಥವಾ 0.1 ಡಿಗ್ರಿ. ಕೇಳಲು ಇದು ಚಿಕ್ಕದು. ಆದರೆ ಆ ಎತ್ತರದಲ್ಲಿ 1 ಡಿಗ್ರಿ ಎಂದರೆ 736 ಕಿ.ಮೀ., ಆದ್ದರಿಂದ ಚಿಕ್ಕ ಪೆಟ್ಟಿಗೆಯೂ ಸುಮಾರು 74 ಕಿ.ಮೀ. ಅಗಲದ್ದು. ‘ನಿಂತಿರುವ’ ಉಪಗ್ರಹ ಈ 74 ಕಿ.ಮೀ. ಅಂಗಳದಲ್ಲಿ ಪ್ರತಿದಿನ ಸುತ್ತಾಡುತ್ತಿರುತ್ತದೆ. ಇಂಧನದ ಬಹುಪಾಲನ್ನು ಉತ್ತರ-ದಕ್ಷಿಣದ ತಿದ್ದುಪಡಿಯೇ ತಿನ್ನುತ್ತದೆ: ಅದಕ್ಕೆ ವರ್ಷಕ್ಕೆ ಸೆಕೆಂಡಿಗೆ 50 ಮೀಟರಿನ ಆಸುಪಾಸಿನ ವೇಗ ಬದಲಾವಣೆ ಬೇಕು, ಪೂರ್ವ-ಪಶ್ಚಿಮಕ್ಕೆ ಹೆಚ್ಚೆಂದರೆ 2 ಮೀಟರಿನಷ್ಟು. ಹಾಗಾಗಿ ವಯಸ್ಸಾದ ಉಪಗ್ರಹಗಳಲ್ಲಿ ಉತ್ತರ-ದಕ್ಷಿಣದ ತಿದ್ದುಪಡಿಯನ್ನು ಕೈಬಿಟ್ಟು, ಉಳಿದ ಇಂಧನದಲ್ಲಿ ಇನ್ನಷ್ಟು ವರ್ಷ ದುಡಿಸಿಕೊಳ್ಳುವುದು ರೂಢಿ. ಅಂತಹ ಉಪಗ್ರಹ ಬರೆಯುವ ಎಂಟರ ಆಕಾರ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತದೆ, ಮತ್ತು ಅದನ್ನು ಬಳಸುವವರಿಗೆ ಜಾಡು ಹಿಡಿಯುವ ಆಂಟೆನಾ ಅನಿವಾರ್ಯವಾಗುತ್ತದೆ.

ಮಾಳಿಗೆಯ ಡಿಶ್‌ಗೆ ಯಾಕೆ ಇದಾವುದೂ ತಟ್ಟುವುದಿಲ್ಲ ಎಂಬುದಕ್ಕೆ ಕಾರಣ ಆಂಟೆನಾದ ನೋಟದ ಅಗಲ. ಡಿಶ್ ದೊಡ್ಡದಾದಷ್ಟೂ ಅದು ಸಂಗ್ರಹಿಸುವ ಸಂಕೇತ ಹೆಚ್ಚು, ನೋಟ ಮಾತ್ರ ಕಿರಿದು. ತರಂಗಾಂತರವನ್ನು ವ್ಯಾಸದಿಂದ ಭಾಗಿಸಿ 70ರಿಂದ ಗುಣಿಸಿದರೆ, ಸಂಕೇತ ಅರ್ಧಕ್ಕಿಂತ ಹೆಚ್ಚು ದಕ್ಕುವ ಕೋನ ಸರಿಸುಮಾರಾಗಿ ಡಿಗ್ರಿಗಳಲ್ಲಿ ಸಿಗುತ್ತದೆ. 12 ಗಿಗಾಹರ್ಟ್ಸ್‌ನಲ್ಲಿ ತರಂಗಾಂತರ 2.5 ಸೆಂಟಿಮೀಟರ್ ಆದ್ದರಿಂದ 60 ಸೆಂಟಿಮೀಟರ್ ಡಿಶ್‌ನ ನೋಟ ಸುಮಾರು 2.9 ಡಿಗ್ರಿ, 9 ಮೀಟರ್ ಆಂಟೆನಾದ್ದು ಕೇವಲ 0.19 ಡಿಗ್ರಿ. ಪೆಟ್ಟಿಗೆಯ ನಡುವಿನಿಂದ ಅಂಚಿಗೆ ಸರಿದ ಉಪಗ್ರಹ ನೆಲದಿಂದ ನೋಡುವಾಗ ಸುಮಾರು 0.06 ಡಿಗ್ರಿ ಸರಿದಂತೆ ಕಾಣುತ್ತದೆ. ನಾವು ಅದಕ್ಕೆ ಭೂಮಿಯ ಕೇಂದ್ರಕ್ಕಿಂತ ಹತ್ತಿರವಿರುವುದರಿಂದ 0.05 ಇಲ್ಲಿ ತುಸು ಹಿಗ್ಗುತ್ತದೆ. ಚಿಕ್ಕ ಡಿಶ್‌ನಲ್ಲಿ ಇದರಿಂದಾಗುವ ನಷ್ಟ ಅಳೆಯಲೂ ಸಿಗದಷ್ಟು. ದೊಡ್ಡದರಲ್ಲಿ 1.2 ಡೆಸಿಬೆಲ್, ಎಂದರೆ ಶಕ್ತಿಯ ಕಾಲು ಭಾಗ. ಅಷ್ಟು ದೊಡ್ಡ ಆಂಟೆನಾ ಕಟ್ಟಿಸಿ ಕಾಲು ಭಾಗವನ್ನು ಸುಮ್ಮನೆ ಚೆಲ್ಲಲು ಯಾರೂ ಒಪ್ಪುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೇಲಕ್ಕೆ ಕಳುಹಿಸುವ ಸಂಕೇತ ಪಕ್ಕದ ಉಪಗ್ರಹದ ಕಡೆಗೆ ಚೆಲ್ಲಿದರೆ ಅದು ಇನ್ನೊಬ್ಬರ ಕೆಲಸ ಕೆಡಿಸುತ್ತದೆ.

ಆಂಟೆನಾ ತನ್ನ ಗುರಿಯನ್ನು ಕಂಡುಕೊಳ್ಳುವುದು ಬೀಕನ್‌ನ ನೆರವಿನಿಂದ. ಉಪಗ್ರಹ ಮಾಹಿತಿಯ ಸಂಕೇತಗಳ ಜೊತೆಗೆ, ಏರಿಳಿತವಿಲ್ಲದ ಒಂದು ಒಂಟಿ ಅಲೆಯನ್ನು ಸದಾ ಬಿತ್ತರಿಸುತ್ತಿರುತ್ತದೆ. ನೆಲದ ರಿಸೀವರ್ ಅದನ್ನು ಅತಿ ಕಿರಿದಾದ ಜಾಲರಿಯಲ್ಲಿ ಸೋಸಿ, ಅದರ ಬಲವನ್ನು ಒಂದು ಅಂಕಿಯಾಗಿ ತೋರಿಸುತ್ತದೆ. ಆಂಟೆನಾ ನಿಯಂತ್ರಕದ ಮುಂದೆ ಇರುವ ಸುಳಿವು ಈ ಒಂದೇ ಅಂಕಿ. ಸಂಕೇತ ಕುಗ್ಗಿದ್ದನ್ನು ಅದು ಹೇಳುತ್ತದೆ, ಆದರೆ ಉಪಗ್ರಹ ಯಾವ ಕಡೆಗೆ ಸರಿಯಿತು ಎಂಬುದನ್ನು ಹೇಳುವುದಿಲ್ಲ. ಆದ್ದರಿಂದ ನಿಯಂತ್ರಕ ಕತ್ತಲೆಯಲ್ಲಿ ಗುಡ್ಡ ಹತ್ತುವವನಂತೆ ನಡೆದುಕೊಳ್ಳುತ್ತದೆ: ಒಂದು ಹೆಜ್ಜೆ ಇಟ್ಟು ನೋಡುತ್ತದೆ, ಏರಿದರೆ ಅದೇ ದಿಕ್ಕು, ಇಳಿದರೆ ಹಿಂದಕ್ಕೆ. ಈ ವಿಧಾನಕ್ಕೆ ಸ್ಟೆಪ್ ಟ್ರ್ಯಾಕ್ ಎಂದೇ ಹೆಸರು.

ಇದನ್ನು ತುಸು ಹತ್ತಿರದಿಂದ ನೋಡಬೇಕು, ಏಕೆಂದರೆ ಇಡೀ ವಿಷಯದ ಕೀಲು ಇಲ್ಲಿದೆ. ನಮ್ಮ 9 ಮೀಟರ್ ಆಂಟೆನಾ ಗುರಿಯಿಂದ 0.01 ಡಿಗ್ರಿ ತಪ್ಪಿದೆ ಎನ್ನೋಣ. ಗುಡ್ಡದ ನೆತ್ತಿ ಚಪ್ಪಟೆ. ಅಲ್ಲಿ ಈ ತಪ್ಪಿನಿಂದ ಆಗುವ ಇಳಿಕೆ 0.03 ಡೆಸಿಬೆಲ್ ಮಾತ್ರ. ವಾತಾವರಣದ ಅಲುಗಾಟದಿಂದಲೇ ಬೀಕನ್‌ನ ಅಂಕಿ ಒಂದು ಡೆಸಿಬೆಲ್‌ನ ಹತ್ತನೇ ಒಂದೆರಡು ಭಾಗದಷ್ಟು ಸದಾ ಕುಣಿಯುತ್ತಿರುವಾಗ 0.03ನ್ನು ಗುರುತಿಸುವ ಮಾತೇ ಇಲ್ಲ. ಆದರೆ ಜಾಣ ನಿಯಂತ್ರಕ ನೆತ್ತಿಯನ್ನು ಹುಡುಕುವುದಿಲ್ಲ. ಅದು ಬೇಕೆಂದೇ ಬಲಕ್ಕೆ 0.04 ಡಿಗ್ರಿ ಹೊರಳಿ ಅಂಕಿಯನ್ನು ಓದಿಕೊಳ್ಳುತ್ತದೆ, ಆಮೇಲೆ ಎಡಕ್ಕೆ ಅಷ್ಟೇ ಹೊರಳಿ ಮತ್ತೆ ಓದುತ್ತದೆ. ಗುರಿ ಸರಿಯಾಗಿ ನಡುವಿನಲ್ಲಿದ್ದರೆ ಎರಡೂ ಬದಿಯ ಇಳಿಕೆ ಸಮ. 0.01 ಡಿಗ್ರಿ ತಪ್ಪಿದ್ದರೆ ಒಂದು ಬದಿಯಲ್ಲಿ 0.83 ಡೆಸಿಬೆಲ್, ಇನ್ನೊಂದು ಬದಿಯಲ್ಲಿ 0.30 ಡೆಸಿಬೆಲ್ ಇಳಿಯುತ್ತದೆ. ವ್ಯತ್ಯಾಸ 0.53. ನೆತ್ತಿಯಲ್ಲಿ ಕಾಣದೇ ಹೋದ ತಪ್ಪು ಇಳಿಜಾರಿನಲ್ಲಿ ಹದಿನಾರು ಪಟ್ಟು ದೊಡ್ಡದಾಗಿ ಕಣ್ಣಿಗೆ ಬೀಳುತ್ತದೆ, ಜೊತೆಗೆ ಯಾವ ಕಡೆಗೆ ತಿದ್ದಬೇಕೆಂಬುದೂ ತಿಳಿಯುತ್ತದೆ. ಇದಕ್ಕೆ ತೆರುವ ಬೆಲೆ, ಅಳತೆ ನಡೆಯುವಷ್ಟು ಹೊತ್ತು ಅರ್ಧ ಡೆಸಿಬೆಲ್‌ನಷ್ಟು ಸಂಕೇತ. ಗುರಿ ಎಲ್ಲಿದೆ ಎಂದು ತಿಳಿಯಲು ಗುರಿಯಿಂದ ತಪ್ಪಬೇಕಾದ ಈ ವಿಚಿತ್ರದಿಂದಾಗಿ ಅಳತೆಯನ್ನು ಸತತವಾಗಿ ನಡೆಸದೆ ಕೆಲವು ನಿಮಿಷಗಳಿಗೊಮ್ಮೆ ನಡೆಸುತ್ತಾರೆ. ಅಂದಹಾಗೆ, ಅಡ್ಡಡ್ಡ ತಿರುಗುವ ಹೆಜ್ಜೆಯ ಲೆಕ್ಕದಲ್ಲಿ ಹೊಸಬರು ಎಡವುವುದುಂಟು: ಆಂಟೆನಾ 60 ಡಿಗ್ರಿ ಎತ್ತರಕ್ಕೆ ಮುಖ ಮಾಡಿದ್ದರೆ ಬುಡದಲ್ಲಿ 0.02 ಡಿಗ್ರಿ ತಿರುಗಿಸಿದಾಗ ಆಕಾಶದಲ್ಲಿ ನೋಟ ಸರಿಯುವುದು 0.01 ಡಿಗ್ರಿ ಮಾತ್ರ.

ಎರಡು ಬದಿಗಳನ್ನು ಒಂದಾದ ಮೇಲೊಂದು ಅಳೆಯುವಾಗ ನಡುವೆ ಮಳೆ ಮೋಡ ಹಾದು ಹೋದರೆ ಅದರ ಇಳಿಕೆಯನ್ನೂ ನಿಯಂತ್ರಕ ತನ್ನ ತಪ್ಪೆಂದೇ ತಿಳಿಯುತ್ತದೆ. ಎರಡನ್ನೂ ಏಕಕಾಲಕ್ಕೆ ಅಳೆದರೆ ಈ ತೊಡಕು ಇರುವುದಿಲ್ಲ. ಮೋನೋಪಲ್ಸ್ ವಿಧಾನದಲ್ಲಿ ಆಂಟೆನಾದ ಬಾಯಲ್ಲಿರುವ ಫೀಡ್ ಒಂದೇ ಬೀಕನ್‌ನಿಂದ ಎರಡು ಸಂಕೇತಗಳನ್ನು ಹೊರತೆಗೆಯುತ್ತದೆ: ಒಂದು ಮಾಮೂಲಿನ ಒಟ್ಟು ಮೊತ್ತ, ಇನ್ನೊಂದು ಎಡಬಲಗಳ ವ್ಯತ್ಯಾಸ. ಗುರಿ ನಡುವಿನಲ್ಲಿದ್ದಾಗ ವ್ಯತ್ಯಾಸ ಸೊನ್ನೆ. ಅತ್ತ ಸರಿದರೆ ಧನ, ಇತ್ತ ಸರಿದರೆ ಋಣ. ಆಂಟೆನಾ ಅಲುಗಬೇಕಾಗಿಲ್ಲ, ಮೋಡದ ಇಳಿಕೆ ಎರಡಕ್ಕೂ ಒಂದೇ ಆದ್ದರಿಂದ ವ್ಯತ್ಯಾಸವನ್ನು ಮೊತ್ತದಿಂದ ಭಾಗಿಸುವಾಗ ಕಳೆದುಹೋಗುತ್ತದೆ. ಆದರೆ ಇದಕ್ಕೆ ಜಟಿಲವಾದ ಫೀಡ್, ಇನ್ನೊಂದು ರಿಸೀವರ್ ಮತ್ತು ಎರಡರ ನಡುವಿನ ಫೇಸ್ (ಅಲೆಯ ಏರಿಳಿತದ ಹಂತ) ಹೊಂದಾಣಿಕೆ ಬೇಕು. ಉಡಾವಣೆಯ ನಂತರ ಇನ್ನೂ ತನ್ನ ಜಾಗ ಸೇರದೆ ಓಡುತ್ತಿರುವ ಉಪಗ್ರಹವನ್ನು ಹಿಡಿಯಲು ಅದು ಬೇಕೇಬೇಕು. ಪೆಟ್ಟಿಗೆಯೊಳಗೆ ಮೆಲ್ಲನೆ ಅಡ್ಡಾಡುವ ಉಪಗ್ರಹಕ್ಕೆ ಅಷ್ಟು ಖರ್ಚು ಅನೇಕ ಸಲ ಅತಿಯಾಯಿತೆಂದೇ ನನ್ನ ಅಭಿಪ್ರಾಯ.

ಏಕೆಂದರೆ ಅದರ ಅಡ್ಡಾಟ ಲಂಗುಲಗಾಮಿಲ್ಲದ್ದಲ್ಲ. ಇಂದು ಬರೆದ ಎಂಟನ್ನೇ ಅದು ನಾಳೆಯೂ ಬರೆಯುತ್ತದೆ. ಒಂದೆರಡು ದಿನ ಸ್ಟೆಪ್ ಟ್ರ್ಯಾಕ್‌ನಿಂದ ಸಿಕ್ಕ ಬಿಂದುಗಳನ್ನು ನಿಯಂತ್ರಕ ನೆನಪಿಟ್ಟುಕೊಂಡು, ಅವುಗಳ ಮೂಲಕ ಒಂದು ಗೆರೆ ಎಳೆದರೆ, ಮುಂದೆ ಬೀಕನ್ ಮಳೆಯಲ್ಲಿ ಮುಳುಗಿದರೂ ಆ ಗೆರೆಯ ಮೇಲೆಯೇ ಸಾಗಬಹುದು. ಇಲ್ಲಿ ಮರೆಯಬಾರದ್ದು ನಾಕ್ಷತ್ರಿಕ ದಿನ. ನಿನ್ನೆ ಸರಿಯಾಗಿ ಹತ್ತು ಗಂಟೆಗೆ ಇದ್ದ ಜಾಗಕ್ಕೆ ಉಪಗ್ರಹ ಇಂದು ಹತ್ತಕ್ಕೆ ಸುಮಾರು ನಾಲ್ಕು ನಿಮಿಷ ಮೊದಲೇ ಬರುತ್ತದೆ, ಮತ್ತು ಈ ನಾಲ್ಕು ನಿಮಿಷ ತಿಂಗಳಲ್ಲಿ ಎರಡು ಗಂಟೆಯಾಗುತ್ತದೆ. ಕಕ್ಷೆಯ ಅಂಕಿಅಂಶಗಳಿಂದ ದಿಕ್ಕನ್ನು ಮೊದಲೇ ಲೆಕ್ಕಹಾಕಿ ಆಂಟೆನಾವನ್ನು ನಡೆಸುವ ಪ್ರೋಗ್ರಾಂ ಟ್ರ್ಯಾಕ್ ಎಂಬ ಇನ್ನೊಂದು ವಿಧಾನವೂ ಇದೆ. ಅಲ್ಲಿ ಲೆಕ್ಕ ಸರಿಯಿದ್ದರೂ ಬಿಸಿಲಿಗೆ ಒಂದು ಬದಿ ಹಿಗ್ಗಿದ ಉಕ್ಕು, ಕೋನ ತೋರಿಸುವ ಸಾಧನದ ಸಣ್ಣ ತಪ್ಪು, ದಿಗಂತದ ಬಳಿ ವಾತಾವರಣ ಅಲೆಯನ್ನು ಬಗ್ಗಿಸುವುದು (5 ಡಿಗ್ರಿ ಎತ್ತರದಲ್ಲಿ ಇದು ಸುಮಾರು 0.16 ಡಿಗ್ರಿ) ಇವೆಲ್ಲ ಸೇರಿ ಕಿರಿನೋಟದ ಆಂಟೆನಾವನ್ನು ದಾರಿ ತಪ್ಪಿಸುತ್ತವೆ. ತಾನೇ ಕಲಿತ ಗೆರೆಯಲ್ಲಿ ಆಂಟೆನಾದ ಇಂತಹ ಊನಗಳಲ್ಲಿ ಹೆಚ್ಚಿನವು ತಾವಾಗಿಯೇ ಅಡಕವಾಗಿರುತ್ತವೆ. ಅದಕ್ಕೇ ಅದು ಹೆಚ್ಚು ನಂಬಿಕೆಯದ್ದು.

ವರ್ಷಕ್ಕೆರಡು ಬಾರಿ, ಹಗಲು ಇರುಳು ಸಮವಾಗುವ ದಿನಗಳ ಆಸುಪಾಸಿನಲ್ಲಿ, ಕೆಲವು ದಿನ ಕೆಲವು ನಿಮಿಷ ಸೂರ್ಯ ಸರಿಯಾಗಿ ಉಪಗ್ರಹದ ಹಿಂದೆ ಬಂದು ನಿಲ್ಲುತ್ತಾನೆ. ಆಗ ಟಿ.ವಿ. ಚಿತ್ರ ಹಾಳಾಗುವುದು ಗೊತ್ತಿರುವ ಸಂಗತಿ. ಆಂಟೆನಾ ಕೊಠಡಿಯಲ್ಲಿ ಇದರ ಭಯ ಬೇರೆ ಬಗೆಯದು: ಸೂರ್ಯನ ಗದ್ದಲ ಅಂಕಿಯನ್ನು ಏರಿಸಿದಾಗ ಗುಡ್ಡ ಹತ್ತುವ ನಿಯಂತ್ರಕ ಅದನ್ನೇ ಬೀಕನ್ ಎಂದು ನಂಬಿ, ಗಂಟೆಗೆ 15 ಡಿಗ್ರಿ ಸಾಗುವ ಸೂರ್ಯನ ಬೆನ್ನು ಹತ್ತಿಬಿಡಬಹುದು. ಆ ನಿಮಿಷಗಳ ಪಟ್ಟಿಯನ್ನು ಮೊದಲೇ ಕೊಟ್ಟು, ಹುಡುಕಾಟ ನಿಲ್ಲಿಸಿ ಇದ್ದಲ್ಲೇ ಇರುವಂತೆ ಹೇಳುವುದು ಸರಳ ಪರಿಹಾರ.

ಇಲ್ಲಿಯವರೆಗೆ ಹೇಳಿದ್ದು ಉಪಗ್ರಹವನ್ನು ಬಳಸುವವರ ಪಾಡು. ಅವರಿಗೆ ದಿಕ್ಕು ತಿಳಿದರೆ ಸಾಕು. ಉಪಗ್ರಹವನ್ನು ನಡೆಸುವವರಿಗೆ ಅದರ ಇಡೀ ಕಕ್ಷೆ ಬೇಕು, ಮತ್ತು ಚಲಿಸದ ವಸ್ತುವಿನ ತೊಡಕು ಪೂರ್ತಿಯಾಗಿ ಎದುರಾಗುವುದು ಅವರಿಗೆ. ಕೆಳಕಕ್ಷೆಯ ಉಪಗ್ರಹವೊಂದು ಹತ್ತು ಹನ್ನೆರಡು ನಿಮಿಷಗಳಲ್ಲಿ ಆಕಾಶವನ್ನು ದಾಟುವಾಗ ಅದರ ದೂರ ಸಾವಿರಾರು ಕಿಲೋಮೀಟರಿನಷ್ಟು ಬದಲಾಗುತ್ತದೆ, ಮತ್ತು ಡಾಪ್ಲರ್ ಪರಿಣಾಮದಿಂದ ಅದರ ಆವರ್ತನ ಹತ್ತಾರು ಕಿಲೋಹರ್ಟ್ಸ್‌ನಷ್ಟು ಸರಿಯುತ್ತದೆ. ಒಂದೇ ಹಾಯುವಿಕೆಯಲ್ಲಿ ಅದು ತನ್ನ ಕಕ್ಷೆಯ ಬಹುಪಾಲು ಗುಟ್ಟನ್ನು ಬಿಟ್ಟುಕೊಡುತ್ತದೆ. ಭೂಸ್ಥಿರ ಉಪಗ್ರಹ ನಮ್ಮ ಕಡೆಗೆ ಬರುವ ಅಥವಾ ದೂರ ಹೋಗುವ ವೇಗ ಸಾಮಾನ್ಯವಾಗಿ ಸೆಕೆಂಡಿಗೆ ಒಂದು ಮೀಟರಿನ ಆಸುಪಾಸು. 12 ಗಿಗಾಹರ್ಟ್ಸ್‌ನಲ್ಲಿ ಅದರ ಡಾಪ್ಲರ್ ಕೆಲವು ಹತ್ತು ಹರ್ಟ್ಸ್, ಉಪಗ್ರಹದೊಳಗಿನ ಆಂದೋಲಕದ ಸ್ವಂತ ಏರಿಳಿತದಲ್ಲಿ ಮುಚ್ಚಿಹೋಗುವಷ್ಟು.

ಆದ್ದರಿಂದ ದೂರವನ್ನೇ ಅಳೆಯುತ್ತಾರೆ. ನೆಲದಿಂದ ಕಳುಹಿಸಿದ ಒಂದು ಸ್ವರವನ್ನು ಉಪಗ್ರಹ ಹಾಗೆಯೇ ಮರಳಿಸುತ್ತದೆ. ಹೋಗಿ ಬರಲು ಹಿಡಿದ ಕಾಲು ಸೆಕೆಂಡಿನಷ್ಟು ಕಾಲವನ್ನು ಸ್ವರದ ಫೇಸ್ ಬದಲಾವಣೆಯಿಂದ ಸೂಕ್ಷ್ಮವಾಗಿ ಅಳೆದು, ಉಪಗ್ರಹದ ಯಂತ್ರಗಳೊಳಗಿನ ವಿಳಂಬವನ್ನು ಕಳೆದರೆ, ದೂರ ಕೆಲವು ಮೀಟರುಗಳ ನಿಖರತೆಯಲ್ಲಿ ಸಿಗುತ್ತದೆ. ದಿಕ್ಕಿನ ಅಳತೆ ಇದರ ಹತ್ತಿರಕ್ಕೂ ಬಾರದು: 0.01 ಡಿಗ್ರಿಯ ತಪ್ಪು ಆ ದೂರದಲ್ಲಿ ಆರು ಕಿಲೋಮೀಟರಿಗಿಂತ ಹೆಚ್ಚು. ಆದರೆ ದೂರದ ಅಂಕಿ ಎಷ್ಟೇ ನಿಖರವಾಗಿದ್ದರೂ ಅದು ಒಂದೇ ಅಂಕಿ. ಪೂರ್ತಿ ನಿಶ್ಚಲವಾದ ಉಪಗ್ರಹವಿದ್ದಿದ್ದರೆ ಅದು ವರ್ಷವಿಡೀ ಅದೇ ಅಂಕಿಯನ್ನು ಕೊಡುತ್ತಿತ್ತು, ಮತ್ತು ನಮ್ಮನ್ನು ನಡುವಿಟ್ಟು ಆ ಅಳತೆಯಲ್ಲಿ ಎಳೆದ ಗೋಳದ ಮೇಲೆ ಅದು ಎಲ್ಲಿ ಬೇಕಾದರೂ ಇರಬಹುದಿತ್ತು. ನಿರ್ವಾಹಕರ ಪುಣ್ಯಕ್ಕೆ ಉಪಗ್ರಹ ತುಸು ತೂಗಾಡುತ್ತದೆ. ಇಡೀ ದಿನದ ದೂರದ ಏರಿಳಿತವನ್ನು ಬಿಡಿಸಿ ನೋಡಿದರೆ ಕಕ್ಷೆಯ ಓರೆಯೂ ದೀರ್ಘವೃತ್ತತೆಯೂ ಹೊರಬರುತ್ತವೆ. ಏರಿಳಿತದ ಸರಾಸರಿ ದಿನದಿಂದ ದಿನಕ್ಕೆ ಸರಿಯುವುದರಿಂದ ಜಾರುವಿಕೆಯ ಗತಿ ತಿಳಿಯುತ್ತದೆ. ಅದು ಯಾವ ರೇಖಾಂಶದಲ್ಲಿದೆ ಎಂಬುದಷ್ಟೇ ಒಂದು ಕೇಂದ್ರದ ದೂರದಿಂದ ಚೆನ್ನಾಗಿ ತಿಳಿಯದು. ಅದಕ್ಕೆ ದಿಕ್ಕಿನ ಅಳತೆಯನ್ನು ಅವಲಂಬಿಸಬೇಕು, ಇಲ್ಲವೇ ಪೂರ್ವಕ್ಕೋ ಪಶ್ಚಿಮಕ್ಕೋ ಸಾಕಷ್ಟು ದೂರವಿರುವ ಇನ್ನೊಂದು ಕೇಂದ್ರದಿಂದಲೂ ದೂರ ಅಳೆಯಬೇಕು.

ದಿಕ್ಕಿಗೆ ಇನ್ನೊಂದು ಸೊಗಸಾದ ದಾರಿ ದೂರದರ್ಶಕ. ಕ್ಯಾಮೆರಾವನ್ನು ಆಕಾಶದ ಒಂದು ಕಡೆಗೆ ಕದಲದಂತೆ ಹಿಡಿದು ಕೆಲವು ಸೆಕೆಂಡು ತೆರೆದಿಟ್ಟರೆ, ಭೂಮಿ ತಿರುಗುವುದರಿಂದ ನಕ್ಷತ್ರಗಳೆಲ್ಲ ಸಣ್ಣ ಗೀರುಗಳಾಗುತ್ತವೆ, ಭೂಸ್ಥಿರ ಉಪಗ್ರಹಗಳು ಮಾತ್ರ ಚುಕ್ಕಿಗಳಾಗಿ ಉಳಿಯುತ್ತವೆ. ಗೀರುಗಳ ಸ್ಥಾನ ನಕ್ಷತ್ರಪಟ್ಟಿಗಳಲ್ಲಿ ಖಚಿತವಾಗಿ ದಾಖಲಾಗಿರುವುದರಿಂದ ಚುಕ್ಕಿಯ ದಿಕ್ಕನ್ನು ಒಂದು ಆರ್ಕ್ ಸೆಕೆಂಡಿನವರೆಗೂ (ಡಿಗ್ರಿಯ 3,600ನೇ ಒಂದು ಭಾಗ) ಅಳೆಯಬಹುದು. ಆ ಎತ್ತರದಲ್ಲಿ ಅದು ಸುಮಾರು 175 ಮೀಟರ್. ರೇಡಿಯೋ ಕೊಡಲಾರದ್ದನ್ನು ಇದು ಕೊಡುತ್ತದೆ, ಮೋಡವೂ ಹಗಲೂ ಇಲ್ಲದಾಗ ಮಾತ್ರ. ಮಾತಾಡದ, ಸತ್ತ ಉಪಗ್ರಹಗಳ ವಿಷಯದಲ್ಲಂತೂ ಇದೇ ಮುಖ್ಯ ಆಸರೆ.

ಇಷ್ಟೆಲ್ಲ ಮಾಡಿ ಕಟ್ಟಿದ ಕಕ್ಷೆಯ ಲೆಕ್ಕ ಥ್ರಸ್ಟರ್ ಉರಿದ ಕ್ಷಣವೇ ಹಳತಾಗುತ್ತದೆ. ತಳ್ಳಿದ ವೇಗ ಉದ್ದೇಶಿಸಿದ್ದಕ್ಕಿಂತ ನೂರರಲ್ಲಿ ಒಂದೆರಡು ಪಾಲು ಹೆಚ್ಚುಕಡಿಮೆ ಆಗಿರಬಹುದು, ಮತ್ತು ಕಕ್ಷೆ ಒಂದು ಕಿಲೋಮೀಟರ್ ಮೇಲೇರಿದರೂ ಉಪಗ್ರಹ ದಿನಕ್ಕೆ 0.013 ಡಿಗ್ರಿ ಪಶ್ಚಿಮಕ್ಕೆ ಜಾರತೊಡಗುತ್ತದೆ. ನಾಲ್ಕೇ ದಿನದಲ್ಲಿ ಅದು ಪೆಟ್ಟಿಗೆಯ ಅರ್ಧ ಅಗಲವನ್ನು ದಾಟಿರುತ್ತದೆ. ಆದ್ದರಿಂದ ಪ್ರತಿ ಉರಿಕೆಯ ನಂತರ ಮತ್ತೆ ಒಂದು ಪೂರ್ತಿ ದಿನ, ಸಾಧ್ಯವಾದರೆ ಎರಡು ದಿನ, ಉಪಗ್ರಹವನ್ನು ಅದರ ಪಾಡಿಗೆ ಬಿಟ್ಟು ಹೊಸದಾಗಿ ಅಳೆಯಬೇಕು. ಅತ್ತ ಬಳಕೆದಾರರ ಆಂಟೆನಾಗಳೂ ತಾವು ಕಲಿತ ಗೆರೆಯನ್ನು ಮರೆತು ಮೊದಲಿನಿಂದ ಕಲಿಯಬೇಕು. ವಾರಕ್ಕೋ ಎರಡು ವಾರಕ್ಕೋ ಒಮ್ಮೆ ಉರಿಯುತ್ತಿದ್ದ ರಾಸಾಯನಿಕ ಥ್ರಸ್ಟರ್‌ಗಳ ಕಾಲದಲ್ಲಿ ಇದಕ್ಕೆ ಬಿಡುವಿತ್ತು. ಹೊಸ ಉಪಗ್ರಹಗಳಲ್ಲಿ ಬಂದಿರುವ ವಿದ್ಯುತ್ ಥ್ರಸ್ಟರ್‌ಗಳ ತಳ್ಳುವ ಬಲ ತೀರ ಕಡಿಮೆಯಾದ್ದರಿಂದ ಅವು ಹೆಚ್ಚುಕಡಿಮೆ ಪ್ರತಿದಿನವೂ ಗಂಟೆಗಟ್ಟಲೆ ಕೆಲಸ ಮಾಡುತ್ತವೆ. ಅಲ್ಲಿ ಯಾರೂ ತಳ್ಳದೆ ಉಪಗ್ರಹ ತಾನಾಗಿ ಸಾಗುವ ಒಂದು ಪೂರ್ತಿ ದಿನವೇ ಸಿಗುವುದಿಲ್ಲ, ಮತ್ತು ಕಕ್ಷೆಯನ್ನು ಅಳೆಯುವವರು ಥ್ರಸ್ಟರ್‌ನ ಬಲವನ್ನೂ ಗೊತ್ತಿಲ್ಲದ ಸಂಖ್ಯೆಯೆಂದು ಹಿಡಿದು, ಅದೇ ದೂರದ ಅಂಕಿಗಳಿಂದ ಅದನ್ನೂ ಜೊತೆಗೇ ಬಿಡಿಸಿಕೊಳ್ಳಬೇಕಾಗುತ್ತದೆ.